ಮೂರನೇ ಗೇರಿನ ಸದ್ದು

ಮೂರನೇ ಗೇರಿನಲ್ಲಿ ಮಾತ್ರ ಬರುತ್ತಿದ್ದ ಆ ಸದ್ದನ್ನು ಮೊದಲು ಕೇಳಿಸಿಕೊಂಡವಳು ನನ್ನ ಹೆಂಡತಿ. ಗಾಡಿ ತಂದು ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ. ಒಂದು ಭಾನುವಾರ ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು.

"ರೀ, ಮೂರಕ್ಕೆ ಹಾಕಿದ್ರೆ ಗಾಡಿ ಒಂಥರಾ ಅಳುತ್ತೆ. ನೋಡ್ರೀ ಸ್ವಲ್ಪ."

"ಅಳುತ್ತಾ? ನೀನೇನಾದ್ರೂ ಬೈದಿರ್ತೀಯ."

"ತಮಾಷೆ ಬೇಡ. ಎರಡರಲ್ಲಿ ಇಲ್ಲ, ನಾಕರಲ್ಲಿ ಇಲ್ಲ. ಮೂರರಲ್ಲಿ ಮಾತ್ರ, ಅದೂ ಏರು ಹತ್ತೋವಾಗ."

ನನ್ನ ಕೈಕೆಳಗೆ ಡಿಪ್ಲೊಮಾ ಓದಿದವರಿದ್ದಾರೆ. ಅವರೂ ಇಷ್ಟು ಅಚ್ಚುಕಟ್ಟಾಗಿ ಒಂದು ಮಷೀನಿನ ದೂರು ಹೇಳುವುದಿಲ್ಲ. ಆದರೂ ನಾನು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಹೊಸ ಗಾಡಿ ಕಣೇ. ಹಲ್ಲಿಗೆ ಹಲ್ಲು ಇನ್ನೂ ಹೊಂದ್ಕೋಬೇಕು. ಓಡ್ತಾ ಓಡ್ತಾ ಸರಿಹೋಗತ್ತೆ," ಎಂದೆ. ಅವಳು ನಂಬಿದಳು. ಗೇರಿನ ವಿಷಯದಲ್ಲಿ ನನ್ನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಯಾಕೆಂದರೆ ನನ್ನ ಅನ್ನವೇ ಗೇರು. ಮೂವತ್ತು ವರ್ಷದ ಮೇಲಾಯಿತು, ಪೀಣ್ಯದಲ್ಲಿ ಉಕ್ಕಿನ ಬಿಲ್ಲೆಗಳಿಗೆ ಹಲ್ಲು ಕೊರೆಯುವ ಕೆಲಸ ಮಾಡುತ್ತಾ ಬಂದಿದ್ದೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಗ ಮನೆಯಲ್ಲಿ ಮುಂದೆ ಓದಿಸುವ ಸ್ಥಿತಿ ಇರಲಿಲ್ಲ, ಅದಕ್ಕಾಗಿ ನಾನು ಯಾರ ಮುಂದೆಯೂ ಕಣ್ಣೀರು ಹಾಕಿಲ್ಲ. ಕೈಯಲ್ಲಿ ಕಲಿತೆ, ಕಿವಿಯಲ್ಲಿ ಕಲಿತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಗೇರುಪೆಟ್ಟಿಗೆಯ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಒಳಗೆ ಯಾವ ಹಲ್ಲು ಸುಖವಾಗಿದೆ, ಯಾವುದು ನೋಯುತ್ತಿದೆ ಎಂದು ಹೇಳಬಲ್ಲೆ. ಇಂಜಿನಿಯರುಗಳು ಕಂಪ್ಯೂಟರು ಹಿಡಿದು ಒಂದು ದಿನ ಕೂತರೂ ಸಿಗದ ದೋಷ ನನ್ನ ಕಿವಿಗೆ ಹತ್ತು ನಿಮಿಷದಲ್ಲಿ ಸಿಕ್ಕಿದ್ದುಂಟು. ಅಕ್ಕಪಕ್ಕದ ಶೆಡ್ಡಿನವರು, "ಅಣ್ಣಾ, ಒಂದು ನಿಮಿಷ ಕಿವಿ ಕೊಟ್ಟು ಹೋಗು," ಎಂದು ಕರೆಯುತ್ತಾರೆ. ಹೋಗಿ ಕಿವಿ ಕೊಟ್ಟು, ಟೀ ಕುಡಿದು ಬರುತ್ತೇನೆ. ನನ್ನ ಹೆಮ್ಮೆ ಎಂದರೆ ಅದೇ. ಬೇರೆ ಯಾವುದೂ ಇಲ್ಲ.

ಈ ಗಾಡಿಯನ್ನು ಆರಿಸಿದ್ದೂ ನಾನೇ. ಏಳು ಸೀಟಿನದು. ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ನನ್ನ ಅಮ್ಮ, ನನ್ನ ಅತ್ತೆ, ಎಲ್ಲರೂ ಒಂದೇ ಗಾಡಿಯಲ್ಲಿ ಕೂತು ಹೋಗಬೇಕೆಂಬುದು ಬಹಳ ದಿನದ ಆಸೆ. ಷೋರೂಮಿನಲ್ಲಿ ಮಕ್ಕಳು ಸೀಟಿನ ಬಣ್ಣ ನೋಡಿದರು, ಅಮ್ಮ ಬಾಗಿಲು ಎಷ್ಟು ಎತ್ತರ ಎಂದು ನೋಡಿದರು. ನಾನು ಕಿಟಕಿ ಏರಿಸಿ, ಹಾಡು ನಿಲ್ಲಿಸಿ, ಒಂದೊಂದೇ ಗೇರು ಹಾಕಿ ತುಮಕೂರು ರಸ್ತೆಯಲ್ಲಿ ಓಡಿಸಿ ಕೇಳಿದೆ. ಒಂದು ಅಪಸ್ವರವೂ ಇರಲಿಲ್ಲ. "ಇದೇ ಇರಲಿ," ಎಂದೆ.

ಆದರೆ ಗಾಡಿ ನಿಜವಾಗಿ ದಕ್ಕಿದ್ದು ಹೆಂಡತಿಗೆ. ನನಗೆ ಬೈಕು ಸಾಕು. ಅವಳು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು; ಹೊಲಿದು ಬಂದ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡಿ, ಸರಿ ಇದ್ದರೆ ತನ್ನ ನಂಬರಿನ ಚೀಟಿ ಅಂಟಿಸುವವಳು. ನಲವತ್ತಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. "ಈ ವಯಸ್ಸಲ್ಲಿ ಯಾಕೇ?" ಎಂದು ನನ್ನಮ್ಮ ಕೇಳಿದ್ದಕ್ಕೆ, "ಇನ್ಯಾವ ವಯಸ್ಸಲ್ಲಿ ಅತ್ತೆ, ನಿಮ್ಮ ವಯಸ್ಸಲ್ಲಾ?" ಎಂದಿದ್ದಳು. ಕಲಿತಳು. ಚಿಕ್ಕಬಾಣಾವರದ ನಮ್ಮ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟು, ದಾರಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಮೂವರು ಹೆಂಗಸರನ್ನು ಹತ್ತಿಸಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮೊದಲ ದಿನವೇ ನಾನು, "ಕ್ಲಚ್ ಮೇಲೆ ಕಾಲಿಟ್ಟು ಮಲಗ್ಬೇಡ. ಗೇರ್ ಬಿತ್ತಾ, ಕಾಲು ತೆಗೆದು ಪಕ್ಕಕ್ಕೆ ಇಡು," ಎಂದಿದ್ದೆ. ಅದನ್ನು ಅವಳು ವ್ರತದಂತೆ ಪಾಲಿಸಿದಳು. ಪಕ್ಕದಲ್ಲಿ ಕೂತು ನೋಡಿದ್ದೇನಲ್ಲ, ಪ್ರತಿ ಸಲವೂ ಕ್ಲಚ್ ತಳದವರೆಗೆ ಒತ್ತಿ, ಗೇರು ಬಿದ್ದ ಮೇಲೆ ಎಡಗಾಲನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು. ನಾನೇ ಅಷ್ಟು ಶಿಸ್ತಾಗಿ ಓಡಿಸುವವನಲ್ಲ.

ಅವಳು ದೂರು ಹೇಳಿ ಒಂದು ತಿಂಗಳಿನಲ್ಲಿ ಅಳು ನನಗೂ ಕೇಳಿಸತೊಡಗಿತು. ಸಣ್ಣಗೆ, ಪೀಪಿ ಊದಿದಂತೆ ಏರುವ ಸ್ವರ. ಗಾಡಿ ಭಾರ ಎಳೆಯುವಾಗ ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಅದು ಹಲ್ಲಿನ ಸದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸರ್ವಿಸಿಗೆ ಕೊಟ್ಟಾಗ ಹೇಳಿದೆ. ಅಲ್ಲಿಯ ಹುಡುಗ ಒಂದು ಸುತ್ತು ಓಡಿಸಿ ಬಂದು, "ನಾರ್ಮಲ್ ಸಾರ್. ಈ ಮಾಡೆಲ್ಲೇ ಹಿಂಗೆ," ಎಂದ. ನಾನು ಬಿಲ್ಲು ಕಟ್ಟಿ ಗಾಡಿ ತಂದುಬಿಟ್ಟೆ. ನಾನೇ ಆರಿಸಿದ ಗಾಡಿಯಲ್ಲಿ ದೋಷವಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅವನನ್ನು ನಂಬುವುದು ಸುಲಭವಾಗಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಗೊರಗುಂಟೆಪಾಳ್ಯದ ಹತ್ತಿರ ಫ್ಲೈಓವರ್ ಏರುತ್ತಿದ್ದಾಗ ಗೇರುಪೆಟ್ಟಿಗೆ ಕಲ್ಲು ಅಗಿದಂತೆ ಒಂದು ಸಲ ಕರಕರ ಎಂದು, ಮೂರನೇ ಗೇರು ತಾನಾಗಿ ಹೊರಗೆ ಹಾರಿ, ಮತ್ತೆ ಯಾವ ಗೇರೂ ಬೀಳಲಿಲ್ಲ. ಗಾಡಿಯಲ್ಲಿ ನಾಲ್ವರು ಹೆಂಗಸರು, ಹಿಂದೆ ಅರ್ಧ ಊರಿನ ಲಾರಿಗಳು. ನಾನು ಬೈಕಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಆ ಮೂವರೂ ಇಳಿದು ನಿಂತು ಟ್ರಾಫಿಕ್ ಪೊಲೀಸರಿಗಿಂತ ಜೋರಾಗಿ ಲಾರಿಗಳನ್ನು ಪಕ್ಕಕ್ಕೆ ಕಳಿಸುತ್ತಿದ್ದರು. ಹೆಂಡತಿ ಮಾತ್ರ ಸ್ಟೀರಿಂಗ್ ಬಿಟ್ಟಿರಲಿಲ್ಲ. "ನಾನು ಏನೂ ಮಾಡ್ಲಿಲ್ಲ ಕಣ್ರೀ. ಅದಾಗಿ ಅದೇ ಬಿಟ್ಟೋಯ್ತು," ಎಂದಳು. "ಗೊತ್ತು ಬಿಡು," ಎಂದೆ. ಆ ಎರಡು ಪದ ಹೇಳಿದ್ದನ್ನು ಇವತ್ತಿಗೂ ನೆನಪಿಟ್ಟುಕೊಂಡಿದ್ದೇನೆ. ನನಗೆ ಗೊತ್ತಿತ್ತು.

ಗಾಡಿಗೆ ಇನ್ನೂ ವಾರಂಟಿ ಇತ್ತು. ಎಳೆಸಿಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಕೊಂಡೊಯ್ದೆವು. ಮಾರನೇ ದಿನ ಬಂದು ಮಾತಾಡಿ ಎಂದರು. ಇಬ್ಬರೂ ಅರ್ಧ ದಿನ ರಜೆ ಹಾಕಿ ಹೋದೆವು.

ಅಲ್ಲಿನ ಮ್ಯಾನೇಜರು ಮೆಲುದನಿಯ ಮನುಷ್ಯ. ನನ್ನನ್ನು ತನ್ನ ಗಾಜಿನ ರೂಮಿಗೆ ಕರೆದು, ಎದುರಿಗೆ ಕುರ್ಚಿ ಕೊಟ್ಟ. ಹೆಂಡತಿಗೆ ಹಿಂದೆ ಗೋಡೆಗೆ ಆನಿಸಿಟ್ಟಿದ್ದ ಕುರ್ಚಿ. ಇಬ್ಬರು ಸಹಾಯಕರು ಬಾಗಿಲ ಹತ್ತಿರ ನಿಂತಿದ್ದರು.

"ಸಾರ್ ಯಾವ ಫೀಲ್ಡು?"

"ಗೇರ್ಸ್. ಪೀಣ್ಯ."

"ಅಯ್ಯೋ, ಗೇರ್ಸಾ! ಹಂಗಿದ್ರೆ ನಿಮಗೆ ನಾವೇನು ಹೇಳಿಕೊಡೋದು ಸಾರ್, ನೀವೇ ನಮಗೆ ಹೇಳಿಕೊಡ್ಬೇಕು." ಕಾಫಿ ತರಿಸಿದ. "ಬಿ.ಇ. ಎಲ್ಲಿ ಮಾಡಿದ್ದು ಸಾರ್? ನಮ್ಮ ಸೀನಿಯರ್ ಇರ್ಬೇಕು ನೀವು."

ನಾನು ನಕ್ಕು, "ಅದೆಲ್ಲ ಹಳೇ ಕಥೆ ಬಿಡಿ," ಎಂದೆ.

ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ನನ್ನನ್ನು ಯಾರೂ ಯಾವ ಕಾಲೇಜು ಎಂದು ಕೇಳಿರಲಿಲ್ಲ. ಇಂಜಿನಿಯರುಗಳು ನನ್ನ ಕಿವಿಯನ್ನು ಕರೆಯುತ್ತಿದ್ದರು, ನನ್ನನ್ನು ಕೂರಿಸುತ್ತಿರಲಿಲ್ಲ. ಈತ ಕೂರಿಸಿದ್ದ. ಕಾಫಿ ಪಿಂಗಾಣಿ ಕಪ್ಪಿನಲ್ಲಿ ಬಂದಿತ್ತು, ಸಾಸರಿನ ಮೇಲೆ.

"ಗಾಡಿ ಜಾಸ್ತಿ ಓಡ್ಸೋದು ಯಾರು ಸಾರ್?"

"ಇವಳೇ. ನನ್ನ ಮಿಸೆಸ್ಸು."

"ಹಾಂ..." ಎಂದು ಎಳೆದ. ಬಾಗಿಲಲ್ಲಿ ನಿಂತಿದ್ದವರ ಮುಖ ನೋಡಿದ. "ಮೇಡಂ ತಪ್ಪು ಅಂತಲ್ಲ ಸಾರ್. ಈ ಟ್ರಾಫಿಕ್‌ನಲ್ಲಿ ಎಲ್ರಿಗೂ ಹಾಫ್ ಕ್ಲಚ್ ಅಭ್ಯಾಸ ಆಗೋಗತ್ತೆ. ಲೇಡೀಸ್ಗೆ ಸ್ವಲ್ಪ ಜಾಸ್ತಿ. ಪೂರ್ತಿ ಒತ್ತದೆ ಗೇರ್ ಹಾಕ್ತಾರೆ, ಹೊಡ್ತ ಪೂರಾ ಹಲ್ಲಿಗೆ. ನಿಮಗೆ ನಾನು ಹೇಳ್ಬೇಕಾ ಸಾರ್? ನೀವು ಟೆಕ್ನಿಕಲ್ ಪರ್ಸನ್ನು."

ಅರ್ಧ ಕ್ಲಚ್ಚಿನಲ್ಲಿ ಓಡಿಸಿದರೆ ಮೊದಲು ಸುಡುವುದು ಕ್ಲಚ್ ಪ್ಲೇಟು. ಭಾರ ಎಳೆಯುವಾಗ ಒಂದೇ ಗೇರು ತಿಂಗಳುಗಟ್ಟಲೆ ಅತ್ತು ಕೊನೆಗೆ ಹಲ್ಲು ಉದುರಿಸಿಕೊಳ್ಳುವುದಕ್ಕೂ ಓಡಿಸುವವರ ಕಾಲಿಗೂ ಸಂಬಂಧವಿಲ್ಲ. ಇದು ನನಗೆ ನನ್ನ ಹೆಸರಿನಷ್ಟು ಗೊತ್ತಿರುವ ವಿಷಯ. ಹೇಳಬೇಕಿತ್ತು. ಆದರೆ ಆತ ನನ್ನ ಕಡೆ ಬಾಗಿ, ಒಬ್ಬ ಇಂಜಿನಿಯರು ಇನ್ನೊಬ್ಬ ಇಂಜಿನಿಯರನ್ನು ನೋಡುವಂತೆ ನೋಡುತ್ತಿದ್ದ. ಆ ನೋಟ ತಪ್ಪಿಹೋಗುವುದು ನನಗೆ ಬೇಡವಾಗಿತ್ತು.

"ಹೌದು. ಅವಳ ಕಾಲು ಸ್ವಲ್ಪ ಭಾರಾನೇ," ಎಂದೆ.

ನಾಲ್ವರು ಗಂಡಸರು ನಕ್ಕೆವು.

ಹಿಂದಿನಿಂದ ಹೆಂಡತಿಯ ದನಿ ಬಂತು. "ನಾನು ಯಾವತ್ತು ಕ್ಲಚ್ ಮೇಲೆ ಕಾಲಿಟ್ಟಿದ್ದೀನಿ? ನೀವೇ ನೋಡಿದ್ದೀರಲ್ಲ?"

"ಸುಮ್ನಿರೇ. ಟೆಕ್ನಿಕಲ್ ಮಾತು ನಡೀತಿದೆ."

ಮ್ಯಾನೇಜರು ಮೂರು ಹಾಳೆಯ ಒಂದು ಕಾಗದ ಮುಂದಿಟ್ಟ. ಪೂರ್ತಿ ಇಂಗ್ಲಿಷು. "ಫಾರ್ಮಾಲಿಟಿ ಸಾರ್. ಕಂಪನಿಗೆ ಕಳಿಸ್ಬೇಕು." ಹೆಂಡತಿ ಎದ್ದು ಬಂದು ಕೈ ಚಾಚಿದಳು. "ಕೊಡಿ ಇಲ್ಲಿ, ಓದ್ತೀನಿ." ಅವಳು ಪಿ.ಯು.ಸಿ. ಓದಿದವಳು, ಇಂಗ್ಲಿಷ್ ಓದಬಲ್ಲಳು. ನನಗೆ ಅಕ್ಷರ ಗೊತ್ತು, ಅಳತೆಗಳು ಗೊತ್ತು, ಡ್ರಾಯಿಂಗ್ ಓದುತ್ತೇನೆ. ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಬರೆದದ್ದು ಓದಲು ಬರುವುದಿಲ್ಲ. ಅವಳ ಬೆರಳು ಕಾಗದಕ್ಕೆ ತಾಗುವ ಮೊದಲೇ ಸಹಿ ಹಾಕಿಬಿಟ್ಟೆ.

ಓದದೆ ಸಹಿ ಹಾಕುವುದು ನಮ್ಮ ಶೆಡ್ಡುಗಳಲ್ಲಿ ಕೈಗೆ ಅಂಟಿದ ಅಭ್ಯಾಸ. ಪ್ರತಿ ಲೋಡಿನ ಜೊತೆ ಒಂದು ಇನ್‌ಸ್ಪೆಕ್ಷನ್ ರಿಪೋರ್ಟು ಹೋಗಬೇಕು. ಹೊರಗಿನ ಅಡ್ಡಳತೆ, ಹಲ್ಲಿನ ದಪ್ಪ, ಗಟ್ಟಿತನ, ಒಂದೊಂದಕ್ಕೂ ಒಂದು ಕಾಲಮ್ಮು. ಗೇರು ಇನ್ನೂ ಮಷೀನಿನ ಮೇಲಿರುವಾಗಲೇ ಆಫೀಸಿನಲ್ಲಿ ಎಲ್ಲ ಕಾಲಮ್ಮಿಗೂ ಓಕೆ ಓಕೆ ಎಂದು ತುಂಬಿ, ನನ್ನ ಸಹಿಗೆ ಕಳಿಸುತ್ತಾರೆ. ಲಾರಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿರುತ್ತದೆ. ಕೂತು ಓದುವವನನ್ನು ನಮ್ಮಲ್ಲಿ ಕೆಲಸ ಬರದವನು ಎನ್ನುತ್ತಾರೆ.

ವಾಪಸು ಬರುವಾಗ ಆಟೋದಲ್ಲಿ ಅವಳು ಒಂದೇ ಮಾತು ಕೇಳಿದಳು. "ಅದರಲ್ಲಿ ಏನು ಬರೆದಿತ್ತು?"

"ಫಾರ್ಮಾಲಿಟಿ," ಎಂದೆ.

ನಾಲ್ಕು ದಿನದ ಮೇಲೆ ಉತ್ತರ ದೊಡ್ಡ ಮಗಳ ಫೋನಿಗೆ ಬಂತು. ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಗಟ್ಟಿಯಾಗಿ ಓದಿ, ಒಂದೊಂದು ವಾಕ್ಯಕ್ಕೂ ನನಗೆ ಕನ್ನಡದಲ್ಲಿ ಅರ್ಥ ಹೇಳಿದಳು. ಗೇರುಪೆಟ್ಟಿಗೆ ಕೆಟ್ಟಿದ್ದು ಓಡಿಸುವವರ ತಪ್ಪು ಅಭ್ಯಾಸದಿಂದ. ಓಡಿಸುವವರು ಹೆಂಗಸು, ಮಾಲೀಕರ ಪತ್ನಿ. ಇದನ್ನು ಮಾಲೀಕರೇ ಖುದ್ದಾಗಿ ಒಪ್ಪಿ ಸಹಿ ಮಾಡಿದ್ದಾರೆ. ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.

ನಾನು ಕೂಗಾಡಿದೆ. ಕಳ್ಳರು, ಮೋಸಗಾರರು, ಕಾಫಿ ಕೊಟ್ಟು ಕತ್ತು ಕುಯ್ದರು ಎಂದೆಲ್ಲ. ಅವಳು ಫೋನನ್ನು ಮಗಳ ಕೈಗೆ ಕೊಟ್ಟು, ತನ್ನ ಬ್ಯಾಗಿನಿಂದ ಗಾಡಿಯ ಇನ್ನೊಂದು ಕೀ ತೆಗೆದು ಫ್ರಿಜ್ಜಿನ ಮೇಲಿಟ್ಟಳು.

"ಅವರು ಮೋಸ ಮಾಡಿದ್ದು ನಿಮಗೆ," ಎಂದಳು. "ನನಗೆ ಮಾಡಿದ್ದು ಅವರಲ್ಲ."

ಮಾರನೇ ದಿನದಿಂದ ಫ್ಯಾಕ್ಟರಿಯ ಬಸ್ಸಿಗೆ ಹೋಗತೊಡಗಿದಳು. ಆ ಬಸ್ಸು ಏಳಕ್ಕೇ ಬರುತ್ತದೆ, ಅವಳು ಐದಕ್ಕೆ ಏಳಬೇಕಾಯಿತು. ಮನೆಯಲ್ಲಿ ಜಗಳವೇನೂ ಇಲ್ಲ. ಊಟ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಅಷ್ಟೇ. ಒಂದು ಸಂಜೆ ಅವಳ ಜೊತೆ ಬರುತ್ತಿದ್ದ ಮೂವರಲ್ಲಿ ಒಬ್ಬಾಕೆ ಅಂಗಡಿ ಹತ್ತಿರ ಸಿಕ್ಕಿ, "ಏನಣ್ಣಾ, ನಮ್ಮ ಡ್ರೈವರಮ್ಮನ ಕೆಲ್ಸ ತೆಗೆದುಬಿಟ್ರಂತೆ?" ಎಂದಳು. ನಗುತ್ತಲೇ ಕೇಳಿದ್ದು. "ಇಲ್ಲಮ್ಮ, ಗಾಡಿ ಕೆಟ್ಟಿದೆ," ಎಂದೆ. "ಗಾಡಿ ರಿಪೇರಿ ಆಗತ್ತೆ ಬಿಡಿ. ಅಕ್ಕ ಇನ್ಮೇಲೆ ಸ್ಟೀರಿಂಗೇ ಮುಟ್ಟಲ್ವಂತೆ. ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟಲ್ಲಿ ಕೂತ್ಕೊಂಡು ಅವನ ಕಾಲೇ ನೋಡ್ತಿರ್ತಾರೆ," ಎಂದು ಹೇಳಿ ಹೋದಳು.

ಕಂಪನಿಯವರು ಹೊಸ ಗೇರುಪೆಟ್ಟಿಗೆ ಹಾಕುತ್ತೇವೆ, ಖರ್ಚು ನಿಮ್ಮದು ಎಂದರು. ನನಗೆ ಅವರ ಕೈ ನಮ್ಮ ಗಾಡಿಯ ಮೇಲೆ ಬೀಳುವುದೇ ಬೇಡವಾಗಿತ್ತು. ದಾಸರಹಳ್ಳಿಯಲ್ಲಿ ನನಗೆ ಪರಿಚಯದ ಗ್ಯಾರೇಜಿದೆ, ಅಲ್ಲಿಗೆ ಎಳೆಸಿದೆ. ಪೆಟ್ಟಿಗೆ ಇಳಿಸುವ ದಿನ ನಾನೂ ಹೋಗಿ ನಿಂತೆ.

ಎಣ್ಣೆ ಬಸಿದಾಗಲೇ ಅದರಲ್ಲಿ ಉಕ್ಕಿನ ಪುಡಿ ಬೆಳ್ಳಿಯಂತೆ ಮಿಣುಗುಟ್ಟುತ್ತಿತ್ತು. ಮೊದಲು ಕೈಗೆ ಬಂದದ್ದು ಕ್ಲಚ್ ಪ್ಲೇಟು. ಮೆಕ್ಯಾನಿಕ್ಕು ಅದನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದ.

"ಅಣ್ಣಾ, ಇದು ಅಕ್ಕ ಓಡ್ಸಿರೋ ಗಾಡೀನಾ?"

"ಹೂಂ."

"ದೇವ್ರಾಣೆ, ಸವೆದೇ ಇಲ್ಲ ಇದು. ನನ್ನ ಹತ್ರ ಬರೋ ಟ್ಯಾಕ್ಸಿಯೋರಿಗೆಲ್ಲ ಅಕ್ಕನ ಕೈಲಿ ಒಂದು ಕ್ಲಾಸ್ ತಗೊಳ್ಸಬೇಕು. ಯಾರಣ್ಣ ಹೇಳಿದ್ದು ಹಾಫ್ ಕ್ಲಚ್ ಅಂತ?"

ನಾನು ಸ್ಪ್ಯಾನರ್ ಎತ್ತಿಕೊಂಡು ಪೆಟ್ಟಿಗೆಯ ಬೋಲ್ಟಿಗೆ ಹಾಕಿದೆ.

ಆಮೇಲೆ ಮೂರನೇ ಗೇರು ಹೊರಬಂತು. ಹಲ್ಲುಗಳ ಮೈ ಸಿಡುಬೆದ್ದ ಮುಖದಂತೆ ಗುಳಿ ಗುಳಿ. ಮೂರು ಹಲ್ಲಿನ ತುದಿಯೇ ಇರಲಿಲ್ಲ. ಪಕ್ಕದ ಎರಡನೆಯದು, ನಾಲ್ಕನೆಯದು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡಾಗ ನನಗೆ ಅನುಮಾನ ಬಂತು. ಗ್ಯಾರೇಜಿನವನ ಹತ್ತಿರ ಕಬ್ಬಿಣ ಉಜ್ಜುವ ಒಂದು ಅರ ಈಸಿಕೊಂಡೆ.

ಗೇರಿಗೆ ಹಲ್ಲು ಕೊರೆದ ಮೇಲೆ ಕುಲುಮೆಯಲ್ಲಿ ಗಂಟೆಗಟ್ಟಲೆ ಬೇಯಿಸಿ ಎಣ್ಣೆಗೆ ಹಾಕುತ್ತಾರೆ. ಆಗಲೇ ಹಲ್ಲಿನ ಮೈ ಗಟ್ಟಿಯಾಗುವುದು. ಸರಿಯಾಗಿ ಬೆಂದ ಹಲ್ಲಿನ ಮೇಲೆ ಅರ ಉಜ್ಜಿದರೆ ಗಾಜಿನ ಮೇಲೆ ಉಜ್ಜಿದಂತೆ ಜಾರಿಹೋಗುತ್ತದೆ. ಹಿಡಿಯುವುದೇ ಇಲ್ಲ. ನಾನು ಹಲ್ಲಿನ ಪಕ್ಕದಲ್ಲಿ, ಪೆಟ್ಟು ಬೀಳದ ಕಡೆ ಅರ ಇಟ್ಟು ಒಮ್ಮೆ ಎಳೆದೆ. ಅದು ಕಚ್ಚಿತು. ಸಣ್ಣ ಪುಡಿ ಉದುರಿತು. ಇನ್ನೊಂದು ಹಲ್ಲಿಗೆ ಇಟ್ಟೆ. ಅಲ್ಲಿಯೂ ಕಚ್ಚಿತು. ಅಕ್ಕಪಕ್ಕದ ಗೇರುಗಳ ಮೇಲೆ ಎಳೆದೆ, ಜಾರಿತು.

ಷೋರೂಮಿನಲ್ಲಿ ನಾನು ಅಷ್ಟು ಕಿವಿಗೊಟ್ಟು ಕೇಳಿದ್ದೆನಲ್ಲ. ಹೊಸದರಲ್ಲಿ ಮೆತ್ತನೆಯ ಹಲ್ಲೂ ಗಟ್ಟಿ ಹಲ್ಲಿನಂತೆಯೇ ಹಾಡುತ್ತದೆ. ಕಿವಿಗೆ ಅದು ಸಿಗುವುದಿಲ್ಲ. ಬಣ್ಣ ಕೆಟ್ಟಿದ್ದರೆ, ಸೀಟು ಹರಿದಿದ್ದರೆ, ಬ್ಯಾಟರಿ ಸತ್ತಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆದರೆ ಇದು ನಮ್ಮ ಕೆಲಸ. ನನ್ನಂಥ ಒಬ್ಬ, ಎಲ್ಲೋ ನಮ್ಮದರಂಥದೇ ಒಂದು ಶೆಡ್ಡಿನಲ್ಲಿ, ಇದನ್ನು ಕೈಯಲ್ಲಿ ಹಿಡಿದು ನೋಡಿ ಕಳಿಸಿದ್ದಾನೆ. ಅಥವಾ ನೋಡದೆ ಕಳಿಸಿದ್ದಾನೆ.

ಗೇರನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಮಾಲು ಬೇಯಿಸಿಕೊಡುವ ಕುಲುಮೆಯವರ ಹತ್ತಿರ ಹೋದೆ. ಅಲ್ಲಿನ ಮೇಸ್ತ್ರಿ ನನಗಿಂತ ಹತ್ತು ವರ್ಷ ದೊಡ್ಡವನು, ಈ ಪ್ರದೇಶದ ಅರ್ಧ ಉಕ್ಕು ಅವನ ಕೈಯಲ್ಲಿ ಬೆಂದಿದೆ. ಗಟ್ಟಿತನ ಅಳೆಯುವ ಮಷೀನಿನ ಮೇಲೆ ಗೇರಿಟ್ಟು, ಹಿಡಿ ಇಳಿಸಿ, ಮುಳ್ಳು ನೋಡಿದ. ಇನ್ನೆರಡು ಕಡೆ ಇಟ್ಟು ನೋಡಿದ.

"ಅರ್ಧ ಬೆಂದಿದೆ ಕಣಯ್ಯ. ಬೇಗ ತೆಗೆದವ್ರೆ."

"ಯಾರು ಇಂಥ ಮಾಲು ಪಾಸ್ ಮಾಡೋದು? ಅನ್ನ ತಿನ್ನಲ್ವಾ ಅವ್ರು?"

ಮೇಸ್ತ್ರಿ ನನ್ನ ಮುಖ ನೋಡಿದ. "ಯಾಕಯ್ಯ ಇಂಗೆ ಕೇಳ್ತೀಯ, ಹೊಸಬನ ತರ? ಮಾರ್ಚ್ ಕೊನೆ ವಾರ ಮೂರೂ ಕುಲುಮೆ ತುಂಬಿದ್ದಾಗ, 'ಎಷ್ಟು ಬೆಂದಿದ್ಯೋ ಅಷ್ಟು ಕೊಡು, ಲಾರಿ ನಿಂತದೆ' ಅಂತ ಬಾಗ್ಲಲ್ಲಿ ನಿಂತ್ಕೊಂಡು ನನ್ನ ಪ್ರಾಣ ತಿಂದೋನು ಯಾರು? ನಾನು ಕೊಟ್ಟೆ, ನೀನು ತಗೊಂಡೋದೆ. ನಾನೇನು ಒಳ್ಳೇವ್ನು ಅಂತಿಲ್ಲ."

"ಅದು ಗಾಡೀದಲ್ಲ. ಯಾವುದೋ ಕನ್ವೇಯರ್ ಬೆಲ್ಟಿಂದು."

"ಇದನ್ನ ಕಳಿಸಿದೋನೂ ಅಂಗೇ ಅಂದ್ಕೊಂಡಿರ್ತಾನೆ," ಎಂದು ಗೇರನ್ನು ನನ್ನ ಕೈಗೆ ವಾಪಸು ಕೊಟ್ಟ.

ನಾನು ಯಾರನ್ನಾದರೂ ಹಿಡಿದು ಬೈಯಬೇಕೆಂದು ಹೋಗಿದ್ದೆ. ಬೈಯಲು ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ಎದುರಿಗೆ ಪೇಪರು ಹಾಸಿ ಗೇರಿಟ್ಟೆ. ಅರ ತೆಗೆದು ಹಲ್ಲಿನ ಮೇಲೆ ಎಳೆದು ತೋರಿಸಿದೆ. ಕ್ಲಚ್ ಪ್ಲೇಟು ಹೊಸದರಂತೆ ಇದೆ ಎಂದೆ, ಮೆಕ್ಯಾನಿಕ್ಕು ಹೇಳಿದ್ದನ್ನು ಅವನ ದನಿಯಲ್ಲೇ ಹೇಳಿದೆ. ಅವಳು ನಗಬಹುದೆಂದುಕೊಂಡಿದ್ದೆ.

"ಇದನ್ನ ನನಗ್ಯಾಕೆ ತೋರಿಸ್ತೀರ? ನನ್ನ ಕಾಲು ಎಲ್ಲಿತ್ತು ಅಂತ ನನಗೆ ಗೊತ್ತಿಲ್ವಾ?"

"ನಿನ್ನ ತಪ್ಪಿಲ್ಲ ಅಂತ..."

"ಅದೂ ಗೊತ್ತು. ನಿಮಗೂ ಅವತ್ತೇ ಗೊತ್ತಿತ್ತು." ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕೆ ಹಾಕಿದಳು. "ನಮ್ಮಲ್ಲಿ ಒಂದು ಗುಂಡಿ ಸಡಿಲ ಇದ್ರೂ ಆ ಅಂಗಿ ಮೇಲಿರೋ ನಂಬರ್ ಹುಡ್ಕೊಂಡು ನನ್ನ ಟೇಬಲ್ಗೇ ಬರ್ತಾರೆ. ನಾನು ನೋಡಿಲ್ಲ, ಫಾರ್ಮಾಲಿಟಿ ಅಂತ ಹೇಳೋಕೆ ಆಗತ್ತಾ? ಅಲ್ಲಿ ಕಾಗದದ ಮೇಲೆ ನಾನು ಗಾಡಿ ಕೆಡಿಸಿದೋಳು ಅಂತಿದೆ. ಕೆಳಗೆ ನನ್ನ ಗಂಡನ ಸಹಿ ಇದೆ."

"ಏನ್ ಮಾಡ್ಲಿ ಹೇಳು."

"ಎಲ್ಲಿ ಹೇಳಿದ್ರೋ ಅಲ್ಲಿ ಹೋಗಿ ಹೇಳಿ."

"ಪೆಟ್ಟಿಗೆ ಹೊರಗೆ ಬಿಚ್ಚಿಸಿ ಆಗಿದೆ ಕಣೇ. ಇನ್ನು ಅವರು ವಾರಂಟಿ ಕೊಡಲ್ಲ."

"ವಾರಂಟಿ ಯಾರು ಕೇಳಿದ್ರು?" ಎಂದಳು.

ಶನಿವಾರ ಹೋದೆವು. ಶನಿವಾರ ಅಲ್ಲಿ ಜನ ಜಾಸ್ತಿ. ಮ್ಯಾನೇಜರು ಗಾಜಿನ ರೂಮಿನಲ್ಲಿರಲಿಲ್ಲ, ಹೊರಗೆ ಕೌಂಟರಿನ ಹತ್ತಿರ ನಿಂತಿದ್ದ. ನನ್ನನ್ನು ನೋಡಿ, "ಬನ್ನಿ ಸಾರ್, ಒಳಗೆ ಕೂತು ಮಾತಾಡೋಣ," ಎಂದ. ಕಾಲು ಒಳಗೆ ಹೋಗಲು ಒಂದು ಹೆಜ್ಜೆ ಎತ್ತಿತ್ತು. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

"ಇಲ್ಲೇ ಆಗ್ಲಿ," ಎಂದೆ. ಗೇರನ್ನು ಕೌಂಟರಿನ ಮೇಲಿಟ್ಟೆ. "ನಾನು ಬಿ.ಇ. ಅಲ್ಲ. ಏಳನೇ ಕ್ಲಾಸು. ನೀವು ಕೊಟ್ಟ ಕಾಗದ ನನಗೆ ಓದೋಕೆ ಬರಲ್ಲ. ಓದದೇ ಸಹಿ ಹಾಕ್ದೆ. ಇವಳು ಓಡಿಸೋದರಲ್ಲಿ ತಪ್ಪಿಲ್ಲ, ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಜೊತೆ ನಕ್ಕೆ. ಈ ಗೇರು ಅರ್ಧ ಬೆಂದಿದೆ. ಅರ ತಂದಿದ್ದೀನಿ, ನೀವೇ ಎಳೆದು ನೋಡಿ."

ಕಾಯುತ್ತಾ ಕೂತಿದ್ದವರು ಫೋನಿನಿಂದ ತಲೆ ಎತ್ತಿದರು. ಮ್ಯಾನೇಜರು ಗೇರನ್ನು ಮುಟ್ಟಲಿಲ್ಲ. ಅವನ ಮುಖದಿಂದ ಅವತ್ತಿನ ನೋಟ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಬಾಗಿಲು ಮುಚ್ಚಿದ ಹಾಗೆ.

"ಹೊರಗಡೆ ಓಪನ್ ಮಾಡಿಸಿದ್ದೀರ. ಇನ್ನು ನಾವೇನೂ ಮಾಡೋಕಾಗಲ್ಲ. ಸಹಿ ನಿಮ್ಮದೇ ತಾನೆ?"

"ನನ್ನದೇ."

"ಮತ್ತೆ?"

ಹೆಂಡತಿ ಮುಂದೆ ಬಂದಳು. "ಆ ಕಾಗದದ ಕಾಪಿ ಕೊಡಿ ಸಾರ್. ನನ್ನ ವಿಷಯ ಬರೆದಿರೋದು, ನನಗೂ ಒಂದು ಬೇಕು." ಅವಳು ಜಾಗ ಬಿಟ್ಟು ಕದಲುವುದಿಲ್ಲ ಎಂದು ಗೊತ್ತಾದ ಮೇಲೆ ಕೌಂಟರಿನ ಹೆಣ್ಣುಮಗಳೊಬ್ಬಳು ಪ್ರಿಂಟು ತೆಗೆದು ಕೊಟ್ಟಳು. ಹೆಂಡತಿ ಕೌಂಟರಿನ ಮೇಲೆಯೇ ಹಾಳೆ ಇಟ್ಟುಕೊಂಡು, ಕೊನೆಯಲ್ಲಿ ಖಾಲಿ ಇದ್ದ ಜಾಗದಲ್ಲಿ ಕನ್ನಡದಲ್ಲಿ ಬರೆದಳು. ನಾನು ಪಕ್ಕದಲ್ಲಿ ನಿಂತು ಓದಿದೆ. ಇದರಲ್ಲಿ ನನ್ನ ಬಗ್ಗೆ ಬರೆದಿರುವುದು ಸುಳ್ಳು, ನನ್ನ ಯಜಮಾನರು ಓದದೆ ಸಹಿ ಮಾಡಿದ್ದಾರೆ, ಅದನ್ನು ಅವರೇ ಇಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡಿದ್ದಾರೆ. ಕೆಳಗೆ ತನ್ನ ಸಹಿ. ಆಮೇಲೆ ಪೆನ್ನನ್ನು ನನಗೆ ಕೊಟ್ಟಳು.

ನಾನು ಮೊದಲಿನಿಂದ ಇನ್ನೊಂದು ಸಲ ನಿಧಾನವಾಗಿ ಓದಿ ಸಹಿ ಹಾಕಿದೆ.

ಅವಳು ಅದರ ಒಂದು ಕಾಪಿ ತೆಗೆಸಿ ಸೀಲು ಹಾಕಿಸಿಕೊಂಡಳು. ಆ ಕಾಗದದಿಂದ ಏನೂ ಆಗಲಿಲ್ಲ, ಆಗುವುದೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, "ನಡೀರಿ," ಎಂದಳು.

ಗ್ಯಾರೇಜಿನಲ್ಲಿ ಹೊಸ ಗೇರುಗಳು ಬಿದ್ದವು. ಗಾಡಿ ಮನೆಗೆ ಬಂದು ಎರಡು ವಾರ ಹಾಗೇ ನಿಂತಿತ್ತು. ಭಾನುವಾರ ನಾನು ಓಡಿಸಿದರೆ ಅವಳು ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ಅಮ್ಮಂದಿರ ಜೊತೆ ಕೂರುತ್ತಿದ್ದಳು. ಮೂರನೆಯ ಸೋಮವಾರ ಬೆಳಿಗ್ಗೆ ನಾನು ಬೈಕು ಒರೆಸುತ್ತಿದ್ದಾಗ ಫ್ರಿಜ್ಜಿನ ಮೇಲಿಂದ ಕೀ ತೆಗೆದುಕೊಂಡು ಹೊರಟಳು. ತಿರುವಿನಲ್ಲಿ ಆ ಮೂವರು ಹೆಂಗಸರು ಕಿರುಚಿದ್ದು ನಮ್ಮ ಗೇಟಿನವರೆಗೂ ಕೇಳಿಸಿತು.

ಎಲ್ಲ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆ ಅತ್ತಿಬೆಲೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗುತ್ತಿದ್ದೆವು. ಅವಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಎಡಗಡೆ ಮುಂದಿನ ಚಕ್ರದ ಕಡೆಯಿಂದ ಒಂದು ಸಣ್ಣ ಗುಂಯ್ ಸದ್ದು. ಬೇರೆಯವರಿಗೆ ಕೇಳಿಸುವಂಥದಲ್ಲ. ನಾನು ಅವಳ ಕಡೆ ನೋಡಿದೆ.

"ನನಗೂ ಕೇಳ್ಸತ್ತೆ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ನಾಲ್ಕು ದಿನ ಆಯ್ತು. ಗ್ಯಾರೇಜಿಗೆ ಫೋನ್ ಮಾಡಿದ್ದೀನಿ. ಮಂಗಳವಾರ ತಗೊಂಡ್ಬನ್ನಿ ಅಂದಿದ್ದಾರೆ."

ನಾಲ್ಕು ದಿನ. ನಾವಿಬ್ಬರೂ ದಿನಾ ಎದುರು ಬದುರು ಕೂತು ಊಟ ಮಾಡಿದ್ದೆವು.

"ಬೇರಿಂಗ್ ಇರ್ಬೇಕು," ಎಂದೆ.

"ಅವರು ನೋಡಿ ಹೇಳ್ತಾರೆ ಬಿಡಿ," ಎಂದು ಕ್ಲಚ್ ತಳದವರೆಗೆ ಒತ್ತಿ ಗೇರು ಬದಲಿಸಿದಳು.